ಚಿನ್ನ ಕಿಡ್ನಿ ದಾಟಬೇಕಾದರೆ

ಚಿನ್ನದ ತುಣುಕನ್ನು ಚಿಕ್ಕದು ಮಾಡುತ್ತಾ ಹೋದರೆ ಅದರ ಬಣ್ಣ ಬದಲಾಗುತ್ತದೆ. ನೀರಿನಲ್ಲಿ ತೇಲುವ ಚಿನ್ನದ ಕಣಗಳು ಕೆಂಪಾಗಿ ಕಾಣುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ತೋರಿಸಿದ್ದರು. ಇನ್ನೂ ಚಿಕ್ಕದು ಮಾಡಿ, 2 ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರ್) ಕೆಳಗಿಳಿಸಿದರೆ ಆ ಕೆಂಪೂ ಹೋಗುತ್ತದೆ. ಉಳಿಯುವುದು ಹತ್ತಾರು, ಹೆಚ್ಚೆಂದರೆ ನೂರಿನ್ನೂರು ಪರಮಾಣುಗಳ ಗುಂಪು. ಅದೇ ನ್ಯಾನೋಕ್ಲಸ್ಟರ್. ಅಷ್ಟು ಪುಟ್ಟ ಜಾಗದಲ್ಲಿ ಎಲೆಕ್ಟ್ರಾನುಗಳು ಮನಬಂದಂತೆ ಓಡಾಡಲಾರವು. ಕೆಲವೇ ಶಕ್ತಿಮಟ್ಟಗಳಲ್ಲಿ ನಿಲ್ಲಬೇಕು. ಹಾಗಾಗಿ ಈ ಗುಂಪು ಬೆಳಕನ್ನು ಹೀರಿ, ಬೇರೆ ಬಣ್ಣದಲ್ಲಿ ಹೊರಬಿಡುತ್ತದೆ. 2009ರಲ್ಲಿ ವಿಜ್ಞಾನಿಗಳು ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನಿನೊಳಗೇ 25 ಪರಮಾಣುಗಳ ಕ್ಲಸ್ಟರ್ ಬೆಳೆಸಿದರು. ಅದು ಕೆಂಪಗೆ ಬೆಳಗಿತು. ದೇಹದೊಳಗಿನ ಕ್ಯಾನ್ಸರ್ ಗೆಡ್ಡೆಯನ್ನು ಬೆಳಕಿನಿಂದ ಗುರುತಿಸುವ ಆಸೆ ಹುಟ್ಟಿದ್ದು ಈ ಗುಣದಿಂದಲೇ.

ಆದರೆ ನನಗೆ ಬೆಳಗುವುದಕ್ಕಿಂತ ಮುಖ್ಯವಾಗಿ ಕಾಣುವುದು ಇದು ಮೈಯಿಂದ ಹೊರಗೆ ಹೋಗುವ ಬಗೆ. ದೊಡ್ಡ ಚಿನ್ನದ ಕಣಗಳು ಲಿವರ್, ಗುಲ್ಮಗಳಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಸ್ಕ್ಯಾನ್ ಮುಗಿದ ಮೇಲೂ ಲೋಹ ಒಳಗೇ ಉಳಿದರೆ ಹೇಗೆ, ಅಲ್ವಾ? ಕಿಡ್ನಿ ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳನ್ನು ಮೂತ್ರಕ್ಕೆ ಬಿಡುತ್ತದೆ. ಆಲ್ಬುಮಿನ್ ಹೊದಿಕೆ ಅದಕ್ಕೆ ದೊಡ್ಡದಾಯಿತು. ನಮ್ಮ ಜೀವಕೋಶಗಳಲ್ಲೇ ಇರುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಹೊದಿಸಿದರೆ ಕ್ಲಸ್ಟರ್ ಸಲೀಸಾಗಿ ಹೊರಬೀಳುತ್ತದೆ.

ಹಾಗಾದರೆ ಚಿಕ್ಕದಾದಷ್ಟೂ ಬೇಗ ಹೋಗಬೇಕು. ಜರಡಿಯ ಲೆಕ್ಕ ಅದೇ. 2017ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಈ ಲೆಕ್ಕವನ್ನು ತಲೆಕೆಳಗು ಮಾಡಿತು. 25 ಪರಮಾಣುಗಳ ಕ್ಲಸ್ಟರ್‌ಗಿಂತ 18, 15 ಪರಮಾಣುಗಳವು ನಿಧಾನವಾಗಿ ಹೊರಬಂದವು! ಕಿಡ್ನಿಯಲ್ಲಿ ರಕ್ತ ಸೋಸುವ ನಾಳಗಳ ಒಳಮೈಗೆ ಸಕ್ಕರೆ ಅಂಶದ ತೆಳು ಪದರವಿದೆ. ತೀರಾ ಚಿಕ್ಕವು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಬರೀ ಏಳು ಪರಮಾಣುಗಳ ವ್ಯತ್ಯಾಸವೂ ದೇಹಕ್ಕೆ ಗೊತ್ತಾಗುತ್ತದೆ ಎನ್ನುವುದು ನಿಜಕ್ಕೂ ಬೆರಗಿನ ಸಂಗತಿ. ಇದರಿಂದ ಲಾಭವೂ ಇದೆ. ರಕ್ತದಲ್ಲಿ ಜಾಸ್ತಿ ಹೊತ್ತು ಸುತ್ತುವ ಕ್ಲಸ್ಟರ್ ಗೆಡ್ಡೆ ಸೇರುವ ಸಾಧ್ಯತೆಯೂ ಜಾಸ್ತಿ.

2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಅಮೆರಿಕದ ಎಂಐಟಿಯ ವಿಜ್ಞಾನಿಗಳು ಇದೇ ಕಿಡ್ನಿ ದಾರಿಯನ್ನು ರೋಗ ಪತ್ತೆಗೆ ಬಳಸಿದರು. ಕ್ಲಸ್ಟರ್‌ಗಳನ್ನು ದೊಡ್ಡ ಪ್ರೋಟೀನಿಗೆ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಎಳೆಗಳಿಂದ ಕಟ್ಟಿದರು. ಗೆಡ್ಡೆಯ ಬಳಿ ಇರುವ ಕಿಣ್ವ ಆ ಎಳೆಯನ್ನು ಕತ್ತರಿಸಿದರೆ ಚಿನ್ನ ಬಿಡಿಸಿಕೊಂಡು ಮೂತ್ರಕ್ಕೆ ಇಳಿಯುತ್ತದೆ. ಆ ಮೂತ್ರಕ್ಕೆ ತಕ್ಕ ರಾಸಾಯನಿಕ ಬೆರೆಸಿದಾಗ ನೀಲಿ ಬಣ್ಣ ಬಂತು. ಕರುಳಿನ ಕ್ಯಾನ್ಸರ್ ಇದ್ದ ಇಲಿಗಳನ್ನು ಹೀಗೆ ಬರಿಗಣ್ಣಿನಲ್ಲೇ ಗುರುತಿಸಬಹುದಾಗಿತ್ತು.

ಇನ್ನು ಚಿಕಿತ್ಸೆ. ಚಿನ್ನದ ಪರಮಾಣು ಸಂಖ್ಯೆ 79. ಅಷ್ಟು ಭಾರದ ಪರಮಾಣು ಎಕ್ಸ್-ರೇಯನ್ನು ಚೆನ್ನಾಗಿ ಹೀರಿ, ಸುತ್ತಲಿನ ಜೀವಕೋಶಗಳಿಗೆ ಎಲೆಕ್ಟ್ರಾನುಗಳನ್ನು ಚಿಮ್ಮಿಸಿ ಅವನ್ನು ಹಾಳುಮಾಡುತ್ತದೆ. 2004ರ ಪ್ರಯೋಗವೊಂದರಲ್ಲಿ 1.9 ನ್ಯಾನೋಮೀಟರಿನ ಚಿನ್ನದ ಕಣ ಮತ್ತು ಎಕ್ಸ್-ರೇ ಎರಡನ್ನೂ ಪಡೆದ, ಗೆಡ್ಡೆಯಿದ್ದ ಇಲಿಗಳಲ್ಲಿ ಶೇ 86ರಷ್ಟು ಒಂದು ವರ್ಷ ಬದುಕಿದವು. ಬರೀ ಎಕ್ಸ್-ರೇ ಪಡೆದವುಗಳಲ್ಲಿ ಶೇ 20. ಆದರೆ ಕೊಟ್ಟ ಚಿನ್ನ ಕಿಲೋ ತೂಕಕ್ಕೆ 2.7 ಗ್ರಾಂ. ಮನುಷ್ಯರಿಗೆ ಅದು ತೀರಾ ಹೆಚ್ಚು. ಅದಕ್ಕೇ ಗೆಡ್ಡೆಯನ್ನು ಗುರುತಿಸಿ ಅಂಟಿಕೊಳ್ಳುವ ಪೆಪ್ಟೈಡನ್ನು ಕ್ಲಸ್ಟರಿನ ಮೇಲೆ ಜೋಡಿಸಿ, ಕಡಿಮೆ ಚಿನ್ನದಲ್ಲೇ ಕೆಲಸ ಮುಗಿಸುವ ಪ್ರಯತ್ನ ನಡೆದಿದೆ. ಆದರೆ ಹಾಗೆ ಜೋಡಿಸಿ ಹೊದಿಕೆ ದಪ್ಪವಾದಷ್ಟೂ ಕಿಡ್ನಿ ದಾಟುವುದು ಮತ್ತೆ ಕಷ್ಟವಾಗುತ್ತದೆ.