ಕ್ರೂಸ್ ಕಂಟ್ರೋಲ್ ರಿಪೇರಿ ಆದ್ಮೇಲೆ ಹಿಡಿಯತ್ತಾ ಅಂತಲ್ಲ, ಬಿಡತ್ತಾ ಅಂತ ನೋಡಿ

ಆಕ್ಸಿಲರೇಟರ್ ಒತ್ತದೇನೇ ಸೆಟ್ ಮಾಡಿದ ಸ್ಪೀಡನ್ನ ತಾನೇ ಹಿಡ್ಕೊಳೋ ಕ್ರೂಸ್ ಕೆಲಸ ಮಾಡ್ತಿಲ್ಲ ಅಂತ ಗಾಡಿ ಗ್ಯಾರೇಜಿಗೆ ಬರತ್ತೆ, ಏನೋ ಒಂದು ಸ್ವಿಚ್ ಚೇಂಜ್ ಆಗತ್ತೆ, ಆಮೇಲೆ ರೋಡಿಗೆ ತಗೊಂಡೋಗಿ 80ಕ್ಕೆ ಸೆಟ್ ಮಾಡಿ ಕಾಲು ತೆಗೀತಾರೆ, ಸ್ಪೀಡ್ ಹಾಗೇ ನಿಂತ್ರೆ "ಆಯ್ತು ಸಾರ್, ಓಕೆ" ಅಂತ ಕೀ ಕೊಟ್ಬಿಡ್ತಾರೆ. ನನ್ ಪ್ರಕಾರ ಇದು ಅರ್ಧ ಟೆಸ್ಟೂ ಅಲ್ಲ. ಸ್ಪೀಡ್ ಹಿಡೀಲಿಲ್ಲ ಅಂದ್ರೆ ನೀವು ಆಕ್ಸಿಲರೇಟರ್ ಒತ್ಕೊಂಡೇ ಓಡಿಸ್ತೀರ, ಅಷ್ಟೇ ತಾನೆ. ಬಿಡಬೇಕಾದಾಗ ಬಿಡ್ಲಿಲ್ಲ ಅಂದ್ರೆ? 80ರಲ್ಲಿ ಹೋಗ್ತಿರೋ ಗಾಡಿ ಒಂದೇ ಸೆಕೆಂಡಲ್ಲಿ ಹತ್ತತ್ರ 22 ಮೀಟರ್ ಮುಂದೆ ಹೋಗಿರತ್ತೆ.

ಗಾಡಿ ನಿಂತಿರೋವಾಗ್ಲೇ ಮುಕ್ಕಾಲು ಕೆಲಸ ಮುಗಿಸ್ಬಹುದು. ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿ ಲೈವ್ ಡೇಟಾ ತೆಗೀರಿ, ಯಾವ ಸ್ವಿಚ್ ಈಗ ಏನ್ ಹೇಳ್ತಿದೆ ಅಂತ ಅದ್ರಲ್ಲಿ ಕಾಣತ್ತೆ. ಬ್ರೇಕ್ ಪೆಡಲ್ ಮೇಲ್ಗಡೆ ಇರೋ ಸ್ವಿಚ್ಚು ಹೊರಗಿಂದ ಒಂದೇ ಕಂಡ್ರೂ ಸಾಮಾನ್ಯವಾಗಿ ಒಳಗೆ ಎರಡು ಕಾಂಟ್ಯಾಕ್ಟ್ ಇರತ್ತೆ. ಪೆಡಲ್ ಒತ್ತಿದಾಗ ಒಂದು ಸೇರ್ಕೊಂಡು ಬ್ರೇಕ್ ಲೈಟ್ ಹತ್ತಿಸತ್ತೆ, ಇನ್ನೊಂದು ಬಿಟ್ಕೊಂಡು "ಬ್ರೇಕ್ ಒತ್ತಿದಾರೆ" ಅಂತ ಇಸಿಎಂಗೆ, ಅಂದ್ರೆ ಇಂಜಿನ್ ನೋಡ್ಕೊಳೋ ಕಂಪ್ಯೂಟರಿಗೆ ಹೇಳತ್ತೆ. ಒಂದು ಕೈಕೊಟ್ರೂ ಇನ್ನೊಂದು ಇರ್ಲಿ ಅಂತಾನೇ ಈ ವ್ಯವಸ್ಥೆ. ಹಾಗಾಗಿ ಕಾಲಲ್ಲಿ ದಬ್ ಅಂತ ಒತ್ತಿ ನೋಡ್ಬೇಡಿ, ಕೆಳಗೆ ಬಗ್ಗಿ ಕೈಯಲ್ಲಿ ನಿಧಾನಕ್ಕೆ ಒತ್ತಿ, ಕಣ್ಣು ಸ್ಕ್ಯಾನರ್ ಮೇಲಿರ್ಲಿ. ಪೆಡಲ್ಲಿನ ಮೊದಲ ಸ್ವಲ್ಪ ಪ್ಲೇ ಇರತ್ತಲ್ಲ, ಆ ಜಾಗದಲ್ಲೇ, ಬ್ರೇಕ್ ಇನ್ನೂ ಹಿಡಿಯೋಕೆ ಮುಂಚೇನೇ ಎರಡೂ ಬದಲಾಗ್ಬೇಕು. ಒಂದು ಬದಲಾಗಿ ಇನ್ನೊಂದು ಅರ್ಧ ಪೆಡಲ್ ಹೋದ್ಮೇಲೆ ಬದಲಾದ್ರೆ ಸ್ವಿಚ್ ಅಡ್ಜಸ್ಟ್‌ಮೆಂಟ್ ಸರಿಯಿಲ್ಲ, ಇಲ್ಲಾ ಕಾಂಟ್ಯಾಕ್ಟ್ ಸವೆದಿದೆ ಅಂತ. ಈ ಎರಡು ಸಿಗ್ನಲ್ ಒಂದಕ್ಕೊಂದು ತಾಳೆ ಆಗ್ಲಿಲ್ಲ ಅಂದಾಗ ಸ್ಕ್ಯಾನರಲ್ಲಿ ಬರೋ ಫಾಲ್ಟ್ ಕೋಡೇ ಪಿ0504. ತುಂಬಾ ಜನ ಆ ಕೋಡ್ ಕ್ಲಿಯರ್ ಮಾಡಿ ಕಳಿಸ್ತಾರೆ, ದಯವಿಟ್ಟು ಹಾಗ್ ಮಾಡ್ಬೇಡಿ, ಯಾಕೆ ಬಂತು ಅಂತ ನೋಡಿ.

ಕ್ಲಚ್ ಇರೋ ಗಾಡಿ ಆದ್ರೆ ಅದೂ ಹೀಗೇನೇ. ಕೆಲವು ಗಾಡೀಲಿ ಕ್ಲಚ್ಚಿಗೆ ಎರಡು ಸ್ವಿಚ್ ಇರತ್ತೆ, ಪೂರ್ತಿ ಒತ್ತಿದಾಗ ಕೆಲಸ ಮಾಡೋದು ಸ್ಟಾರ್ಟಿಂಗಿಗೆ, ಮೇಲೆ ಶುರುವಲ್ಲೇ ಕೆಲಸ ಮಾಡೋದು ಕ್ರೂಸಿಗೆ. ಗಾಡಿ ಸ್ಟಾರ್ಟ್ ಆಗ್ತಿದೆಯಲ್ಲ ಕ್ಲಚ್ ಸ್ವಿಚ್ ಚೆನ್ನಾಗಿದೆ ಅಂದ್ಕೊಂಡ್ರೆ ತಪ್ಪು.

ಕ್ಲಾಕ್ ಸ್ಪ್ರಿಂಗ್ ಬದಲಾಯಿಸಿದ್ರೆ ಬೇರೆ ಥರ ನೋಡ್ಬೇಕು. ಸ್ಟೇರಿಂಗ್ ಒಳಗೆ ಸುತ್ಕೊಂಡಿರೋ ಆ ಪಟ್ಟಿ ಕೇಬಲ್ಲಲ್ಲೇ ಕ್ರೂಸ್ ಬಟನ್ನು, ಹಾರ್ನು, ಏರ್‌ಬ್ಯಾಗು ಎಲ್ಲದರ ವೈರೂ ಹೋಗೋದು. ಸ್ಟೇರಿಂಗ್ ನೇರ ಇದ್ದಾಗ ಬಟನ್ ಕೆಲಸ ಮಾಡಿದ್ರೆ ಸಾಲದು, ಎಡಕ್ಕೆ ಪೂರ್ತಿ ತಿರುಗಿಸಿ ನೋಡಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ, ಎಲ್ಲಾ ಕಡೆ ಪ್ರತಿ ಬಟನ್ನೂ ಸ್ಕ್ಯಾನರಲ್ಲಿ ಕಾಣ್ಬೇಕು. ಎರಡೂ ಕಡೆ ಸಮನಾಗಿ ತಿರುಗೋ ಹಾಗೆ ಸೆಂಟರ್ ಮಾಡ್ದೆ ಕೂರಿಸಿದ್ರೆ ಒಂದು ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಎಳೆದು ಕಿತ್ತೋಗತ್ತೆ, ಜೊತೆಗೆ ಏರ್‌ಬ್ಯಾಗ್ ಲೈಟೂ ಹತ್ಕೊಳತ್ತೆ.

ಇನ್ನು ರೋಡು. ಬೆಂಗಳೂರಲ್ಲಿ ಗ್ಯಾರೇಜ್ ಇದ್ರೆ ಊರೊಳಗೆ ಇದನ್ನ ನೋಡೋಕಾಗಲ್ಲ, ಬಹಳಷ್ಟು ಗಾಡೀಲಿ ಸ್ಪೀಡ್ 40 ಕಿಲೋಮೀಟರ್ ಆಸುಪಾಸು ದಾಟಿದ್ಮೇಲೇ ಸೆಟ್ ಆಗೋದು. ನೆಲಮಂಗಲದಿಂದ ಕುಣಿಗಲ್ ಕಡೆ ಹೋಗೋ ಹಾಸನ ರೋಡ್ ನನಗಿಷ್ಟ, ಬೆಳಿಗ್ಗೆ ಬೇಗ ಹೋಗ್ಬೇಕು, ಮಳೆ ಇರಬಾರದು, ಹಿಂದೆ ಯಾವ ಗಾಡೀನೂ ಹತ್ರ ಇರಬಾರದು. ಹೊರಡೋಕೆ ಮುಂಚೆ ಒಂದು ಮಾತು ತಲೇಲಿಟ್ಕೊಳಿ, ಎಲ್ಲಾದ್ರೂ ಬಿಡ್ಲಿಲ್ಲ ಅಂದ್ರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ನ್ಯೂಟ್ರಲ್ಲಿಗೆ ಹಾಕಿ, ಕ್ರೂಸಿನ ಮೇನ್ ಬಟನ್ ಆಫ್ ಮಾಡಿ. ಓಡ್ತಿರೋವಾಗ ಕೀ ಆಫ್ ಮಾಡೋ ಯೋಚನೆ ಬೇಡ, ಸ್ಟೇರಿಂಗೂ ಬ್ರೇಕೂ ಎರಡೂ ಗಟ್ಟಿ ಆಗ್ಬಿಡತ್ತೆ.

ಮೊದಲು 50-60ರಲ್ಲಿ ಸೆಟ್ ಮಾಡಿ ಬ್ರೇಕ್ ಪೆಡಲ್ಲಿಗೆ ಕಾಲು ಸುಮ್ನೆ ತಾಗಿಸಿ. ಗಾಡಿ ನಿಧಾನ ಆಗೋಷ್ಟು ಒತ್ತಬಾರದು, ತಾಗಿಸಿದ್ರೇ ಸೆಟ್ ಲೈಟ್ ಆಫ್ ಆಗ್ಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಒತ್ತಿ, ಆರ್‌ಪಿಎಂ ಭರ್ರ್ ಅಂತ ಏರಿದ್ರೆ ಕ್ಲಚ್ ಸ್ವಿಚ್ ಕೈಕೊಟ್ಟಿದೆ ಅಂತ ಲೆಕ್ಕ, ವಾಪಸ್ ಗ್ಯಾರೇಜಿಗೆ ಬನ್ನಿ. ಆಮೇಲೆ ಕ್ಯಾನ್ಸಲ್ ಬಟನ್, ಆಮೇಲೆ ಮೇನ್ ಬಟನ್. ಒಂದೊಂದನ್ನೂ ಬೇರೆ ಬೇರೆ ನೋಡ್ಬೇಕು, ಬ್ರೇಕೂ ಕ್ಲಚ್ಚೂ ಒಟ್ಟಿಗೆ ಒತ್ತಿದ್ರೆ ಯಾವ್ದು ಬಿಡಿಸ್ತು ಅಂತ ಹೇಗೆ ಗೊತ್ತಾಗತ್ತೆ ಹೇಳಿ? ಇಷ್ಟೂ ಪಾಸ್ ಆದ್ಮೇಲೇ 80ಕ್ಕೆ ಹೋಗೋದು, ಅಲ್ಲಿ ರೆಸ್ಯೂಮ್ ಒತ್ತಿದಾಗ ಜರ್ಕ್ ಇಲ್ದೆ ಹಳೇ ಸ್ಪೀಡಿಗೆ ಬರತ್ತಾ, ಓವರ್‌ಟೇಕಿಗೆ ಆಕ್ಸಿಲರೇಟರ್ ಒತ್ತಿ ಬಿಟ್ರೆ ತಾನಾಗೇ ಇಳಿಯತ್ತಾ ಅಂತ ನೋಡಿ. ಏರಲ್ಲಿ ಸ್ಪೀಡ್ ಎರಡು ಮೂರು ಕಿಲೋಮೀಟರ್ ಇಳಿದು ಮತ್ತೆ ಹಿಡಿದ್ರೆ ಚಿಂತೆ ಇಲ್ಲ. ಇಳಿಜಾರಲ್ಲಿ ಸೆಟ್ ಮಾಡಿದ್ದಕ್ಕಿಂತ ಜಾಸ್ತಿ ಹೋಗತ್ತೆ ಅಂತ ಕಂಪ್ಲೇಂಟ್ ಮಾಡೋರು ತುಂಬಾ ಇದಾರೆ, ಸಾದಾ ಕ್ರೂಸ್ ಬಹಳಷ್ಟು ಗಾಡೀಲಿ ಬ್ರೇಕ್ ಹಾಕಲ್ಲ, ಬರೀ ಥ್ರಾಟಲ್ ಕಮ್ಮಿ ಮಾಡತ್ತೆ, ಅದು ಫಾಲ್ಟ್ ಅಲ್ಲ.

ಮುಂದಿನ ಗಾಡಿ ನೋಡಿ ತಾನೇ ಸ್ಪೀಡ್ ಹೆಚ್ಚು ಕಮ್ಮಿ ಮಾಡ್ಕೊಳೋ ಅಡಾಪ್ಟಿವ್ ಕ್ರೂಸ್ ಇರೋ ಗಾಡಿ ಆದ್ರೆ, ಮುಂದಿನ ಬಂಪರ್ ಬಿಚ್ಚಿ ಹಾಕಿದ್ರೂ ನನಗೆ ಭಯಾನೇ. ರೇಡಾರ್ ಸಾಮಾನ್ಯವಾಗಿ ಬಂಪರ್ ಅಥವಾ ಗ್ರಿಲ್ ಹಿಂದೇನೇ ಇರೋದು, ಬ್ರಾಕೆಟ್ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ರೆ 100 ಮೀಟರ್ ದೂರದಲ್ಲಿ ಅದು ನೋಡ್ತಿರೋ ಜಾಗ ಸುಮಾರು 1.75 ಮೀಟರ್ ಪಕ್ಕಕ್ಕೆ ಹೋಗಿರತ್ತೆ. ನಮ್ಮ ಹೈವೇ ಲೇನ್ ಅಗಲ 3.5 ಮೀಟರ್, ಅಂದ್ರೆ ಅರ್ಧ ಲೇನ್ ಆಚೆ. ಪಕ್ಕದ ಲೇನಿನ ಲಾರಿ ನೋಡಿ ಬ್ರೇಕ್ ಹಾಕಬಹುದು, ನಿಮ್ಮ ಮುಂದೆ ಇರೋ ಬೈಕನ್ನ ಬಿಟ್ಟೇ ಬಿಡಬಹುದು. ಇದನ್ನ ರೋಡಲ್ಲಿ ಓಡಿಸಿ ಕಣ್ಣಂದಾಜಲ್ಲಿ ಹೇಳೋಕೆ ಯಾರಿಂದಾನೂ ಆಗಲ್ಲ. ಬಂಪರ್ ಪೇಂಟಿಂಗಿಗೆ ಕೊಟ್ಟಿದ್ರೂ ಸರಿ, ಗಾಡಿ ವಾಪಸ್ ತಗೊಳೋ ಮುಂಚೆ ಕ್ಯಾಲಿಬ್ರೇಷನ್, ಅಂದ್ರೆ ರೇಡಾರ್ ನೇರ ನೋಡೋ ಹಾಗೆ ಅಳೆದು ಸರಿ ಮಾಡೋದು, ಬೇಕಾ ಅಂತ ಕೇಳಿ, ಮಾಡಿದ್ರೆ ಅದರ ರಿಪೋರ್ಟ್ ಬಿಲ್ ಜೊತೆ ಇಸ್ಕೊಳಿ, ಅಲ್ಲೀವರೆಗೂ ಆ ಬಟನ್ ಮುಟ್ಟಬೇಡಿ.