ರಿಮ್ ಚಿಕ್ಕದಾದರೆ ಬ್ರೇಕ್ ಏನಾಗಬೇಕು?

ಪಿಕಪ್ ಟ್ರಕ್ಕಿನ 17 ಇಂಚಿನ ರಿಮ್ ತೆಗೆದು 15 ಇಂಚಿನದು ಹಾಕಲು ಹೊರಟರೆ ಹಲವು ಸಲ ನಟ್ ಬಿಗಿಯುವ ಮೊದಲೇ ಕೆಲಸ ನಿಲ್ಲುತ್ತದೆ. ರಿಮ್ಮಿನ ಒಳಗೋಡೆ ಕ್ಯಾಲಿಪರಿಗೆ (ಬ್ರೇಕ್ ಡಿಸ್ಕಿನ ಎರಡೂ ಬದಿಗೆ ಪ್ಯಾಡ್ ಒತ್ತುವ ಭಾಗ) ತಾಗಿ ಚಕ್ರ ತಿರುಗುವುದೇ ಇಲ್ಲ. ಆಗ ಕ್ಯಾಲಿಪರನ್ನು ಉಜ್ಜಲು ಕೈ ಗ್ರೈಂಡರಿನತ್ತ ಹೋಗುತ್ತದೆ. ಅಷ್ಟು ಅವಸರ ಬೇಡ.

15 ಇಂಚು ಎಂದರೆ ಟೈರಿನ ಅಂಚು ಕೂರುವ ಜಾಗದ ವ್ಯಾಸ. ಒಳಗೆ ಬ್ರೇಕಿಗೆ ಸಿಗುವ ಜಾಗ ಅದಕ್ಕಿಂತ ಕಡಿಮೆ. ಅದೂ ಒಂದೇ ಅಳತೆಯ ಎರಡು ರಿಮ್‌ಗಳಲ್ಲಿ ಬೇರೆ ಬೇರೆ. ಅಲಾಯ್ ರಿಮ್ಮಿನ ಗೋಡೆ ಸಾಮಾನ್ಯವಾಗಿ ದಪ್ಪ, ಉಕ್ಕಿನದು ತೆಳು. ಹಾಗಾಗಿ ರಿಮ್ ಬದಲಿಸಿದರೇ ಕೆಲವೊಮ್ಮೆ ಬೇಕಾದ ಜಾಗ ಸಿಕ್ಕಿಬಿಡುತ್ತದೆ, ಬ್ರೇಕನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಜಾಗ ಅಳೆಯಲು ಮೆದು ಜೇಡಿಮಣ್ಣು ಸಾಕು. ಕ್ಯಾಲಿಪರಿನ ಮೇಲೆ, ಹೊರಮುಖದಲ್ಲಿ, ಗಾಳಿ ತೆಗೆಯುವ ಬ್ಲೀಡ್ ಸ್ಕ್ರೂ ಹತ್ತಿರ ಸ್ವಲ್ಪ ಸ್ವಲ್ಪ ಮೆತ್ತಿ, ರಿಮ್ ಕೂರಿಸಿ, ನಟ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿ. ಉಳಿದ ಮಣ್ಣಿನ ದಪ್ಪ ಎಲ್ಲೂ 3 ಮಿ.ಮೀ.ಗಿಂತ ಕಡಿಮೆ ಇರಬಾರದು. ಬೇರಿಂಗಿನ ಸಡಿಲ, ತಿರುವಿನಲ್ಲಿ ರಿಮ್ ಬಾಗುವುದು, ಬಿಸಿಗೆ ಹಿಗ್ಗುವುದು ಎಲ್ಲ ಆ 3 ಮಿ.ಮೀ.ಯೊಳಗೇ ಮುಗಿಯಬೇಕು. ಈ ಪರೀಕ್ಷೆಯನ್ನು ಹೊಸ ಪ್ಯಾಡ್ ಹಾಕಿಯೇ ಮಾಡಿ. ಜಾರುವ ಕ್ಯಾಲಿಪರ್ ಪ್ಯಾಡ್ ಸವೆದಂತೆ ಒಳಕ್ಕೆ ಸರಿಯುತ್ತದೆ. ಸವೆದ ಪ್ಯಾಡಿನಲ್ಲಿ ಸಿಕ್ಕ ಜಾಗ ಹೊಸ ಪ್ಯಾಡ್ ಹಾಕಿದ ದಿನ ಮಾಯವಾಗುತ್ತದೆ. ಚಕ್ರದ ಸಮತೋಲನಕ್ಕೆ ರಿಮ್ಮಿನ ಒಳಗೆ ಅಂಟಿಸುವ ವೀಲ್ ವೇಟ್‌ಗೂ ಕೆಲವು ಮಿ.ಮೀ. ದಪ್ಪವಿದೆ. ಅಂಚಿಗೆ ಸಿಕ್ಕಿಸುವ ವೇಟ್ ಒಳ್ಳೆಯದು.

ತಾಗುವುದು ರಿಮ್ಮಿನ ಮುಖದ ಒಳಬದಿಗಾದರೆ, ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆಯಾದ ಸ್ಪೇಸರ್ ನೆರವಾಗುತ್ತದೆ. ಒಳಗೋಡೆಗಾದರೆ ಬಹುಪಾಲು ಪ್ರಯೋಜನವಿಲ್ಲ. ಸ್ಪೇಸರ್ ಹಾಕಿದ ಮೇಲೆ ನಟ್ ಸ್ಟಡ್ಡಿನ (ಹಬ್ಬಿನ ಬೋಲ್ಟಿನ) ಮೇಲೆ ಎಷ್ಟು ಸುತ್ತು ಹತ್ತುತ್ತದೆ ಎಂದು ಎಣಿಸಿ. ಒಳಗೆ ಸಿಕ್ಕ ಉದ್ದ ಸ್ಟಡ್ಡಿನ ವ್ಯಾಸಕ್ಕಿಂತ ಕಡಿಮೆಯಾಗಬಾರದು: 12 ಮಿ.ಮೀ. ಸ್ಟಡ್, ಸುತ್ತಿಗೆ 1.5 ಮಿ.ಮೀ. ಪಿಚ್ ಆದರೆ ಕನಿಷ್ಠ 8 ಸುತ್ತು. ಕಡಿಮೆ ಬಂದರೆ ಉದ್ದ ಸ್ಟಡ್ ಹಾಕಿ.

ಇನ್ನು ಗ್ರೈಂಡರ್. ಕ್ಯಾಲಿಪರನ್ನು ಉಜ್ಜಿ ಚಿಕ್ಕ ರಿಮ್ ಕೂರಿಸುವವರು ಬೇಕಾದಷ್ಟು ಜನ. ಎರಕದ ಗೆರೆಯನ್ನೋ ಮೂಲೆಯ ಉಬ್ಬನ್ನೋ ಒಂದು ಮಿ.ಮೀ. ಉಜ್ಜುವುದು ಬೇರೆ, ಡಿಸ್ಕಿನ ಮೇಲಿಂದ ಹಾದು ಎರಡೂ ಬದಿಯನ್ನು ಜೋಡಿಸುವ ಸೇತುವೆಯ ಭಾಗವನ್ನು ತೆಳು ಮಾಡುವುದು ಬೇರೆ. ಪ್ಯಾಡ್ ಒತ್ತಿದಾಗ ಕ್ಯಾಲಿಪರಿನ ಎರಡೂ ಬದಿ ಹೊರಕ್ಕೆ ತೆರೆದುಕೊಳ್ಳಲು ನೋಡುತ್ತವೆ, ಅದನ್ನು ಹಿಡಿದಿರುವುದು ಆ ಸೇತುವೆ. ಅದು ತೆಳುವಾದರೆ ಪೆಡಲ್ ಮೆತ್ತಗಾಗುತ್ತದೆ, ಪ್ಯಾಡ್ ಓರೆಯಾಗಿ ಸವೆಯುತ್ತದೆ, ಕೊನೆಗೆ ಬಿರುಕು. ಸಿಲಿಂಡರಿನ ಗೋಡೆಯನ್ನಂತೂ ಮುಟ್ಟಲೇಬೇಡಿ. ಉಬ್ಬು ಉಜ್ಜುವುದಾದರೂ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್, ರಬ್ಬರ್ ಸೀಲ್ ತೆಗೆದೇ ಉಜ್ಜಬೇಕು. ಚೂಪು ಗೀರು ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು.

ಅದೂ ಸಾಲದಿದ್ದರೆ ಚಿಕ್ಕ ಡಿಸ್ಕ್, ಚಿಕ್ಕ ಕ್ಯಾಲಿಪರ್. ಅದೇ ಮಾದರಿಯ ಟ್ರಕ್ಕನ್ನು ಕಂಪನಿಯೇ ಅಷ್ಟೇ ಭಾರದ ಮಿತಿಯಲ್ಲಿ ಚಿಕ್ಕ ರಿಮ್ಮಿನೊಂದಿಗೆ ಮಾರಿದ್ದರೆ ಅದರ ಹಬ್, ಡಿಸ್ಕ್, ಕ್ಯಾಲಿಪರ್, ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರನ್ನು ಒಟ್ಟಾಗಿ ತರುವುದೇ ಜಾಣತನ. ಬಿಡಿ ಬಿಡಿಯಾಗಿ ಜೋಡಿಸಿದರೆ ಲೆಕ್ಕ ನಿಮ್ಮ ತಲೆಗೆ ಬರುತ್ತದೆ. ಡಿಸ್ಕಿನ ಮಧ್ಯದಿಂದ ಪ್ಯಾಡ್ ಹಿಡಿಯುವ ಜಾಗದ ತ್ರಿಜ್ಯ 135ರಿಂದ 120 ಮಿ.ಮೀ.ಗೆ ಇಳಿದರೆ ಹಿಡಿತ ಶೇ 11ರಷ್ಟು ಕಡಿಮೆ. ಟೈರಿನ ತ್ರಿಜ್ಯವೂ ಶೇ 11ರಷ್ಟೇ ಇಳಿದಿದ್ದರೆ ನಷ್ಟ ಸರಿಹೋಗುತ್ತದೆ. ಚಿಕ್ಕ ರಿಮ್ಮಿಗೆ ಎತ್ತರದ ಟೈರು ಹಾಕಿದ್ದರೆ ಇಲ್ಲ. ಪಿಸ್ಟನ್ ವ್ಯಾಸ ಶೇ 6ರಷ್ಟು ಹೆಚ್ಚಿಸಿ ತುಂಬಿಕೊಳ್ಳಬಹುದು, ಆದರೆ ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಮುಂದಿನ ಹಿಡಿತ ಕಡಿಮೆಯಾಗಿ ಹಿಂದಿನದು ಹಾಗೇ ಉಳಿದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿ ತಿರುಗಿ ನಿಲ್ಲುವ ಅಪಾಯವೂ ಇದೆ.

ಹಿಡಿತವನ್ನು ಹೇಗೋ ಸರಿದೂಗಿಸಬಹುದು, ಬಿಸಿಯನ್ನಲ್ಲ. 2,500 ಕೆ.ಜಿ. ಟ್ರಕ್ಕನ್ನು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸಲು ಸುಮಾರು 965 ಕಿಲೋಜೂಲ್ ಶಕ್ತಿ ನುಂಗಬೇಕು. ಟೈರು ಚಿಕ್ಕದಾದರೂ ಅಷ್ಟೇ. ಶೇ 70 ಮುಂದಿನ ಎರಡು ಡಿಸ್ಕಿಗೆ ಹೋದರೆ, 10 ಕೆ.ಜಿ. ಡಿಸ್ಕ್ ಒಂದು ನಿಲುಗಡೆಗೆ ಸುಮಾರು 70 ಡಿಗ್ರಿ ಬಿಸಿಯೇರುತ್ತದೆ, 8 ಕೆ.ಜಿ.ಯದು 90ರ ಹತ್ತಿರ. ಇಳಿಜಾರಿನಲ್ಲಿ ಆರಲು ಬಿಡದೆ ಹತ್ತು ಸಲ ಒತ್ತಿದರೆ ಪ್ಯಾಡ್ ಹಿಡಿಯುವುದನ್ನೇ ಬಿಡಬಹುದು. ಭಾರ ಹೊರುವ ಗಾಡಿಗೆ ಹಗುರ ಡಿಸ್ಕ್ ಬೇಡವೆನ್ನುವುದು ಇದಕ್ಕೇ.

ಏರ್ ಬ್ರೇಕಿನ ದೊಡ್ಡ ಟ್ರಕ್ಕುಗಳಲ್ಲಿ ಈ ಆಟವೇ ಬೇಡ. 22.5 ಇಂಚಿನ ರಿಮ್ಮಿನೊಳಗೆ ಸಾಮಾನ್ಯವಾಗಿ ಇರುವ 16.5 ಇಂಚಿನ ಡ್ರಮ್ 17.5 ಇಂಚಿನ ರಿಮ್ಮಿನೊಳಗೆ ಹೋಗುವುದಿಲ್ಲ. ಅಲ್ಲಿ ಚಿಕ್ಕ ಡ್ರಮ್ಮಿನ ಆ್ಯಕ್ಸಲನ್ನೇ ಬದಲಿಸಬೇಕು.

ಜೋಡಣೆ ಮುಗಿದ ಮೇಲೆ ರಿಮ್, ಟೈರಿನ ಮೇಲೆ ಬರೆದ ಭಾರದ ಮಿತಿ ಆ್ಯಕ್ಸಲಿನ ಭಾರಕ್ಕೆ ಸಾಕೇ ನೋಡಿ. ಬ್ರೇಕ್ ಆಯಿಲ್ ತುಂಬಿ ಗಾಳಿ ಪೂರ್ತಿ ತೆಗೆದು, ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ಸೋರಿಕೆ ಪರೀಕ್ಷಿಸಿ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ಕ್ಕೆ ಎಂಟು ಹತ್ತು ಸಲ ಇಳಿಸಿದರೆ ಹೊಸ ಪ್ಯಾಡ್ ಕೂರುತ್ತದೆ. 50ರಿಂದ 100 ಕಿ.ಮೀ. ಓಡಿಸಿ, ರಿಮ್ ಬಿಚ್ಚಿ ಒಳಗೋಡೆ ನೋಡಿ, ನಟ್ ಮತ್ತೆ ಬಿಗಿಯಿರಿ. ಹೊಳೆಯುವ ಗೆರೆಯೊಂದು ಬಿದ್ದಿದ್ದರೆ ಮತ್ತೆ ಜೇಡಿಮಣ್ಣಿನಿಂದಲೇ ಶುರು ಮಾಡಬೇಕು.