ಸಲೈನ್ ಹಾಕಿದರೆ ಶಕ್ತಿ ಬರುತ್ತಾ, ಮೇಡಂ?

ಪ್ರಶ್ನೆ: ಮೇಡಂ, ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದಲ್ಲಿದ್ದೇನೆ. ಈಗ ಮೆಡಿಸಿನ್ ವಾರ್ಡ್ ಪೋಸ್ಟಿಂಗ್. ಪೇಷಂಟ್ ಕಡೆಯವರು ದಿನಾ "ತುಂಬಾ ವೀಕ್ ಆಗಿದ್ದಾರೆ, ಒಂದು ಸಲೈನ್ ಹಾಕಿ" ಅಂತ ಬೆನ್ನು ಹತ್ತುತ್ತಾರೆ. ಸಲೈನ್‌ನಿಂದ ನಿಜವಾಗಿ ಶಕ್ತಿ ಬರುತ್ತಾ? ಎನ್‌ಎಸ್ (ನಾರ್ಮಲ್ ಸಲೈನ್), ಡಿಎನ್‌ಎಸ್ (ಗ್ಲೂಕೋಸ್ ಸೇರಿದ ನಾರ್ಮಲ್ ಸಲೈನ್), ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಇವುಗಳಲ್ಲಿ ಯಾವುದು ಜಾಸ್ತಿ ಸ್ಟ್ರಾಂಗ್?

ಬರುವುದಿಲ್ಲ. ಮೂರರಲ್ಲಿ ಯಾವುದೂ ಸ್ಟ್ರಾಂಗ್ ಅಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ. ಮುಂಬೈಯಲ್ಲಿ ಮಳೆ ಹಿಡಿದು, ವಾರ್ಡ್ ತುಂಬ ಡೆಂಗಿ, ಮಲೇರಿಯಾ, ವಾಂತಿಭೇದಿ ಶುರುವಾದ ಮೇಲಂತೂ ಕೇಳುವುದೇ ಬೇಡ. ಹೇಳಿ ಹೇಳಿ ನನಗೂ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಯಾರೇ ಕೇಳಿದರೂ ಇದನ್ನೇ ಕೈಗೆ ಕೊಡುವುದು.

ಬಾಟಲಿ ಕೇಳುವವರನ್ನು ನೀವೂ ನೋಡಿದ್ದೀರಿ. ಮರಾಠಿಯವರು "ಸಿಸ್ಟರ್, ಏಕ್ ಸಲಾಯ್ನ್ ಲಾವಾ ನಾ" ಅಂತಾರೆ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ ಕಡೆಯವರು "ಒಂದು ಬಾಟ್ಲಿ ಹಚ್ರಿ ಸಿಸ್ಟರ್, ಭಾಳ ನಿತ್ರಾಣ ಆಗ್ಯಾರ" ಅಂತಾರೆ. ಹೋಟೆಲ್ ಕೆಲಸದ ಉಡುಪಿ ಕಡೆಯವರು "ಒಂದು ಗ್ಲೂಕೋಸ್ ಹಾಕಿ ಮಾರಾಯ್ರೆ, ನಾಳೆ ಡ್ಯೂಟಿಗೆ ಹೋಗ್ಬೇಕು" ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದೆ ತಲೆಯಾಡಿಸಿ "ಹೌದು, ಬಾಟಲಿ ಹಾಕಿದರೆ ಶಕ್ತಿ ಬರುತ್ತೆ" ಅನ್ನುವ ನಮ್ಮ ಸಿಸ್ಟರ್‌ಗಳ ಮೇಲೆ ಸಿಟ್ಟು.

ಮೊದಲು ಬಾಟಲಿಯ ಲೇಬಲ್ ಓದಿ. ನಾರ್ಮಲ್ ಸಲೈನ್ ಅಂದರೆ 0.9 ಪರ್ಸೆಂಟ್ ಸೋಡಿಯಂ ಕ್ಲೋರೈಡ್. ಒಂದು ಲೀಟರ್‌ಗೆ 9 ಗ್ರಾಂ ಉಪ್ಪು. ನಾವು ಪಿಂಟ್ ಅನ್ನುವ 500 ಮಿಲಿ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ. ಉಳಿದದ್ದು ನೀರು. ಕ್ಯಾಲರಿ ಸೊನ್ನೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇರುವ ಅಜ್ಜನಿಗೆ ಉಪ್ಪಿನಕಾಯಿ ಮುಟ್ಟಬೇಡಿ ಅಂತ ಬುದ್ಧಿ ಹೇಳಿದವರೇ, "ಶಕ್ತಿಗೆ" ಅಂತ ಒಂದು ಪಿಂಟ್ ಏರಿಸಿ ಕಳಿಸುತ್ತಾರೆ. ಒಂದು ದಿನದ ಉಪ್ಪು ಹೆಚ್ಚುಕಡಿಮೆ ಅಲ್ಲೇ ಮುಗಿಯಿತು.

"ಸಲೈನ್ ಬೇಡ ಮೇಡಂ, ಗ್ಲೂಕೋಸ್ ಹಾಕಿದರೆ?" ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ. ಸರಿ, ಲೆಕ್ಕ ಮಾಡೋಣ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನ (ಗ್ಲೂಕೋಸ್‌ಗೇ ಇನ್ನೊಂದು ಹೆಸರು) ಒಂದು ಪಿಂಟ್‌ನಲ್ಲಿ 25 ಗ್ರಾಂ ಗ್ಲೂಕೋಸ್. ಐದಾರು ಟೀ ಚಮಚ ಸಕ್ಕರೆಯಷ್ಟು. ಅದರಿಂದ ಸಿಗುವುದು ಸುಮಾರು 85 ಕ್ಯಾಲರಿ. ಒಂದು ಬಾಳೆಹಣ್ಣು ತಿಂದರೂ ಅಷ್ಟೇ ಸಿಗುತ್ತದೆ, ಅದಕ್ಕೆ ಸೂಜಿ ಚುಚ್ಚಬೇಕಾಗಿಲ್ಲ. ಡಿಎನ್‌ಎಸ್ ಅಂದರೆ ಇದೇ 25 ಗ್ರಾಂ ಗ್ಲೂಕೋಸ್, ಜೊತೆಗೆ ಎನ್‌ಎಸ್‌ನ ಉಪ್ಪು.

ಇನ್ನೂ ಒಂದು ಲೆಕ್ಕ. 60 ಕೆಜಿ ತೂಕದ ಪೇಷಂಟ್ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1500 ಕ್ಯಾಲರಿ ಬೇಕು. ಅದನ್ನು ಬರೀ ಈ ಗ್ಲೂಕೋಸ್ ನೀರಿನಿಂದ ಕೊಡಲು ಹೊರಟರೆ ಹದಿನೇಳು ಹದಿನೆಂಟು ಪಿಂಟ್ ಹಾಕಬೇಕು. ಹತ್ತಿರ ಹತ್ತಿರ 9 ಲೀಟರ್. ಅಷ್ಟು ಹೊತ್ತಿಗೆ ರಕ್ತದ ಸೋಡಿಯಂ ಇಳಿದು, ಮೆದುಳು ಊದಿ, ಪೇಷಂಟ್‌ಗೆ ಫಿಟ್ಸ್ ಬಂದಿರುತ್ತದೆ. ರಕ್ತನಾಳದ ಮೂಲಕವೇ ಊಟ ಕೊಡಬೇಕಾದಾಗ ಅದಕ್ಕೆ ಬೇರೆಯೇ ಚೀಲಗಳಿವೆ. ಅದರಲ್ಲಿ ಅಮೈನೋ ಆಸಿಡ್, ಕೊಬ್ಬು ಎಲ್ಲ ಇರುತ್ತದೆ. ಐಸಿಯು ಪೋಸ್ಟಿಂಗ್‌ನಲ್ಲಿ ನೋಡುತ್ತೀರಿ.

ಆಮೇಲೆ ಹಳದಿ ಬಾಟಲಿಯ ಮಾಯೆ. ಎಂವಿಐ ಅನ್ನುವ ಮಲ್ಟಿವಿಟಮಿನ್ ಇಂಜೆಕ್ಷನ್ ಸೇರಿಸಿದ ತಕ್ಷಣ ಬಾಟಲಿ ಹಳದಿ ಆಗುತ್ತದೆ, ಪೇಷಂಟ್ ಮುಖ ಅರಳುತ್ತದೆ. "ಪಕ್ಕದ ಬೆಡ್‌ನವರಿಗೆ ಪವರ್‌ದು ಹಾಕಿದ್ದೀರಿ, ನಮಗೆ ಬರೀ ನೀರು" ಅಂತ ಜಗಳ ಆಗಿದ್ದನ್ನೂ ನೋಡಿದ್ದೇನೆ. ಆ ಬಣ್ಣ ಮುಖ್ಯವಾಗಿ ರೈಬೋಫ್ಲೇವಿನ್‌ದು, ಅಂದರೆ ಬಿ2 ವಿಟಮಿನ್. ದೇಹಕ್ಕೆ ಬೇಡವಾದಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮಾರನೇ ದಿನ ಯೂರಿನ್ ಬ್ಯಾಗ್ ಹಳದಿ ಮಿಂಚುವುದು ಅದಕ್ಕೇ. ವಿಟಮಿನ್ ಕೊರತೆ ಇದ್ದವರಿಗೆ ಅದು ಔಷಧಿ. ಮೂರು ಹೊತ್ತು ಉಣ್ಣುವವರಿಗೆ ದುಬಾರಿ ಮೂತ್ರ.

"ಆದರೆ ಮೇಡಂ, ಬಾಟಲಿ ಹಾಕಿದ ಮೇಲೆ ಎದ್ದು ಕೂರ್ತಾರಲ್ವಾ?" ಕೂರ್ತಾರೆ. ಈ ನಂಬಿಕೆ ಸಾಯದೆ ಉಳಿದಿರುವುದೇ ಅದರಿಂದ. ವಾಂತಿಭೇದಿಯಾಗಿ ಒಣಗಿಹೋದವರಿಗೆ ರಕ್ತನಾಳದಲ್ಲಿ ನೀರು ಕಡಿಮೆ ಆಗಿರುತ್ತದೆ. ಬಿಪಿ ಇಳಿದಿರುತ್ತದೆ, ಎದ್ದರೆ ತಲೆ ಸುತ್ತುತ್ತದೆ. ಉಪ್ಪುನೀರು ಒಳಗೆ ಹೋದಂತೆ ಬಿಪಿ ಏರುತ್ತದೆ, ಕಣ್ಣಿಗೆ ಕಳೆ ಬರುತ್ತದೆ. ಇದು ಹೊಸದೇನಲ್ಲ. 1832ರಲ್ಲಿ ಸ್ಕಾಟ್ಲೆಂಡ್‌ನ ಲೀತ್ ಊರಲ್ಲಿ ಥಾಮಸ್ ಲಟ್ಟಾ ಅನ್ನುವ ಡಾಕ್ಟರ್ ಕಾಲರಾ ಬಂದು ಸಾಯುತ್ತಿದ್ದವರ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟಾಗಲೂ ಇದೇ ಆಯಿತು. ಗುಳಿಬಿದ್ದ ಕಣ್ಣು ತೆರೆಯಿತು, ನಾಡಿ ಕೈಗೆ ಸಿಕ್ಕಿತು. ಆದರೆ ಲಟ್ಟಾ ಕೊಟ್ಟದ್ದು ಕಳೆದುಹೋದ ನೀರು, ಉಪ್ಪು. ಏನೂ ಕಳೆದುಕೊಳ್ಳದವರಿಗೆ ಅದೇ ನೀರು ಕೊಟ್ಟರೆ ಕಿಡ್ನಿಗೆ ಒಂದಷ್ಟು ಕೆಲಸ ಹೆಚ್ಚಾಗುತ್ತದೆ, ಅಷ್ಟೇ.

ಹಾಗಾದರೆ ಒಣಗದೇ ಇದ್ದವರಿಗೂ ಹಾಯೆನಿಸುವುದು ಯಾಕೆ? ಚಾರ್ಟ್ ನೋಡಿ. ಅದೇ ಲೈನಿನಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಹೋಗಿರುತ್ತದೆ, ವಾಂತಿಗೆ ಆಂಡಾನ್ಸೆಟ್ರಾನ್ ಹೋಗಿರುತ್ತದೆ. ಜೊತೆಗೆ ಎರಡು ಮೂರು ಗಂಟೆ ಫ್ಯಾನ್ ಕೆಳಗೆ ಕಾಲು ಚಾಚಿ ಮಲಗಿರುತ್ತಾರೆ. ಬೆಳಗಿನ ಲೋಕಲ್‌ನಲ್ಲಿ ನಿಂತುಕೊಂಡೇ ದಾದರ್‌ಗೆ ಬರುವ ಮನುಷ್ಯನಿಗೆ ಇದು ವರ್ಷದಲ್ಲಿ ಸಿಕ್ಕ ಮೊದಲ ವಿಶ್ರಾಂತಿ ಇರಬಹುದು. ಹೆಸರು ಮಾತ್ರ ಬಾಟಲಿಗೆ.

ಸರಿ, ಉಪಯೋಗ ಇಲ್ಲದಿದ್ದರೆ ಬೇಡ, ಅಪಾಯ ಏನು ಅಂತ ಕೇಳಬಹುದು. ಅದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ಡೆಂಗಿ ತೆಗೆದುಕೊಳ್ಳಿ. "ಪ್ಲೇಟ್‌ಲೆಟ್ ಇಳಿದಿದೆ, ಸಲೈನ್ ಹಾಕಿ" ಅಂತಾರೆ. ಸಲೈನ್‌ಗೂ ಪ್ಲೇಟ್‌ಲೆಟ್ ಏರುವುದಕ್ಕೂ ಸಂಬಂಧವೇ ಇಲ್ಲ. ಡೆಂಗಿಯಲ್ಲಿ ರಕ್ತನಾಳದಿಂದ ಪ್ಲಾಸ್ಮಾ (ರಕ್ತದ ನೀರಿನಂಶ) ಸೋರುವ ಒಂದು ಹಂತ ಇದೆ, 24ರಿಂದ 48 ಗಂಟೆ. ಅಗತ್ಯ ಇದ್ದವರಿಗೆ ಆಗ ಅಳೆದು ಅಳೆದು ಫ್ಲೂಯಿಡ್ ಕೊಡುತ್ತಾರೆ. ಅದು ಮುಗಿದ ಮೇಲೆ ಸೋರಿದ್ದೆಲ್ಲ ತಾನಾಗಿ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಓಡುತ್ತಲೇ ಇದ್ದರೆ, ಸೊಸೈಟಿಯ ಟ್ಯಾಂಕ್ ತುಂಬಿದ ಮೇಲೂ ಪಂಪ್ ಬಂದ್ ಮಾಡದೆ ಬಿಟ್ಟ ಹಾಗೆ. ಇಲ್ಲಿ ಉಕ್ಕಿ ಹರಿಯುವುದು ಶ್ವಾಸಕೋಶಕ್ಕೆ. ಜ್ವರ ಬಿಟ್ಟು ಆರಾಮಾಗಿದ್ದ ಪೇಷಂಟ್ ರಾತ್ರಿ ಮಲಗಲಾಗದೆ ಏದುಸಿರು ಬಿಡತೊಡಗಿದರೆ ಮೊದಲು ಡ್ರಿಪ್ ನಿಲ್ಲಿಸಿ, ತಲೆ ಎತ್ತರಿಸಿ ಕೂರಿಸಿ, ತಕ್ಷಣ ಡಾಕ್ಟರ್‌ನ್ನು ಕರೆಯಿರಿ. ಹಾರ್ಟ್, ಕಿಡ್ನಿ ತೊಂದರೆ ಇರುವ ವಯಸ್ಸಾದವರಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಇನ್ನೊಂದು, ದಿನಾ ಕುಡಿಯುವವರು. ಊಟ ಬಿಟ್ಟು ಕುಡಿದು ಕುಡಿದು ಬಳಲಿ ಬಂದವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ದೇಹ ಗ್ಲೂಕೋಸ್ ಬಳಸಿಕೊಳ್ಳಲು ಥಯಾಮಿನ್ ಬೇಕು. "ನಿತ್ರಾಣ" ಅಂತ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಉಳಿದ ಚೂರು ಥಯಾಮಿನ್ ಕೂಡ ಮುಗಿದು ಮೆದುಳಿಗೆ ಪೆಟ್ಟು ಬೀಳಬಹುದು. ಡಾಕ್ಟರ್ ಥಯಾಮಿನ್ ಬರೆದಿದ್ದರೆ ಅದನ್ನು ಸಂಜೆಗೆ ಅಂತ ಎತ್ತಿಡಬೇಡಿ. ಶುಗರ್ ಪೂರ್ತಿ ಇಳಿದು ಪ್ರಜ್ಞೆ ತಪ್ಪಿದ್ದರೆ ಮಾತ್ರ ಗ್ಲೂಕೋಸ್‌ಗೆ ಕಾಯುವ ಮಾತಿಲ್ಲ.

ಆರ್‌ಎಲ್ ಬಗ್ಗೆ ಎರಡೇ ಮಾತು. ಅದರಲ್ಲಿ ಸೋಡಿಯಂ ಜೊತೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಇರುತ್ತದೆ. ವಾಂತಿಭೇದಿ, ಸುಟ್ಟಗಾಯ, ಆಪರೇಷನ್ ಇವಕ್ಕೆ ಒಳ್ಳೆಯದು. ಆದರೆ ಆ ಕ್ಯಾಲ್ಸಿಯಂ ಇದೆಯಲ್ಲ, ಅದರಿಂದಾಗಿ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್‌ನ್ನು ಆರ್‌ಎಲ್ ಜೊತೆ ಬೆರೆಸಬಾರದು. ಕಣ ಕಟ್ಟುತ್ತದೆ. ರಕ್ತ ಏರಿಸುವ ಲೈನಿಗೂ ಆರ್‌ಎಲ್ ಸೇರಿಸಬಾರದು. ಪರೀಕ್ಷೆಗೆ ಬರುತ್ತದೆ, ವಾರ್ಡ್‌ನಲ್ಲೂ ಬರುತ್ತದೆ.

ಪೇಷಂಟ್ ಕಡೆಯವರಿಗೆ ಏನು ಹೇಳುವುದು? ಪಾಠ ಮಾಡಬೇಡಿ, ಲೇಬಲ್ ತೋರಿಸಿ. "ಕಾಕಾ, ಇದರಲ್ಲಿ ಉಪ್ಪುನೀರು ಅಷ್ಟೇ ಇದೆ. ಬಾಯಲ್ಲಿ ಕುಡಿಯೋಕಾಗುತ್ತಲ್ವಾ? ಗಂಜಿ, ಬೇಳೆಕಟ್ಟು, ಓಆರ್‌ಎಸ್ ಕೊಡಿ. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆ ಆದರೆ ನನ್ನನ್ನು ಕರೆಯಿರಿ" ಅನ್ನಿ. ಓಆರ್‌ಎಸ್ ಅಂದರೆ ಮುಖ ಸಿಂಡರಿಸುತ್ತಾರೆ, ಗೊತ್ತು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್‌ಗಳಲ್ಲಿ ಇಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಅದಕ್ಕೆ. ಅಲ್ಲೂ ಅದು ಶಕ್ತಿಗಲ್ಲ!

ಬಾಟಲಿ ಹಾಕುವುದೋ ಬೇಡವೋ ಅನ್ನುವುದು ಡಾಕ್ಟರ್ ನಿರ್ಧಾರ. ಆದರೆ ಹನಿ ನಿಮ್ಮ ಜವಾಬ್ದಾರಿ. ಇದನ್ನು ಬರೆಯುವಾಗಲೇ ಮಾವಂದಿರು, ಭಾವಂದಿರು ಹನಿಯ ವೇಗ ಬದಲಿಸುವ ರೋಲರ್ ತಿರುಗಿಸುವುದು ಕಣ್ಣಿಗೆ ಬರುತ್ತಿದೆ. "ಬೇಗ ಮುಗಿದರೆ ಬೇಗ ಡಿಸ್ಚಾರ್ಜ್" ಅನ್ನುವ ಲೆಕ್ಕ ಅವರದು. ನಮ್ಮ ಲೆಕ್ಕ ಬೇರೆ. ಕೊಡಬೇಕಾದ ಮಿಲಿಯನ್ನು ಸೆಟ್‌ನ ಡ್ರಾಪ್ ಫ್ಯಾಕ್ಟರ್‌ನಿಂದ (1 ಮಿಲಿಗೆ ಎಷ್ಟು ಹನಿ ಅನ್ನುವ ಸಂಖ್ಯೆ) ಗುಣಿಸಿ, ನಿಮಿಷಗಳಿಂದ ಭಾಗಿಸಿ. 20 ಹನಿಗೆ 1 ಮಿಲಿ ಬೀಳುವ ಸೆಟ್‌ನಲ್ಲಿ ಒಂದು ಪಿಂಟ್ 8 ಗಂಟೆಗೆ ಅಂದರೆ ನಿಮಿಷಕ್ಕೆ 21 ಹನಿ. 4 ಗಂಟೆಗೆ ಅಂದರೆ 42. ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಮಿಲಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಎಲ್ಲ ಸೆಟ್‌ಗಳೂ ಒಂದೇ ಅಲ್ಲ, ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ.

ಇದು ಬರೀ ಶಿಸ್ತಿನ ಮಾತಲ್ಲ. ಆ ಬಾಟಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದೆ ಅಂದುಕೊಳ್ಳಿ. 15 ಪರ್ಸೆಂಟ್‌ನ 10 ಮಿಲಿ ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ) ಇರುತ್ತದೆ. ವಾರ್ಡ್‌ನಲ್ಲಿ ಕೈಯ ರಕ್ತನಾಳದ ಮೂಲಕ ಸಾಮಾನ್ಯವಾಗಿ ಗಂಟೆಗೆ 10ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಭಾವ ರೋಲರ್ ಪೂರ್ತಿ ತೆರೆದು ಅರ್ಧ ಗಂಟೆಯಲ್ಲಿ ಬಾಟಲಿ ಮುಗಿಸಿದರೆ ಹೋಗುವ ವೇಗ ಅದರ ನಾಲ್ಕರಷ್ಟು. ಹಾರ್ಟ್ ನಿಂತುಹೋಗಬಹುದು. ಪೊಟ್ಯಾಸಿಯಂ ಯಾವತ್ತೂ ಸಿರಿಂಜಿನಿಂದ ನೇರವಾಗಿ ಪುಷ್ ಮಾಡುವ ಔಷಧಿ ಅಲ್ಲ. ಓಡುತ್ತಿರುವ ಬಾಟಲಿಗೆ ಸೇರಿಸುವುದೂ ಬೇಡ, ಭಾರದ್ದು ಕೆಳಗೆ ನಿಂತು ಮೊದಲು ಅದೇ ಹೋಗುತ್ತದೆ. ಇಳಿಸಿ, ಸೇರಿಸಿ, ಚೆನ್ನಾಗಿ ತಲೆಕೆಳಗು ಮಾಡಿ ಕಲಸಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ.

ನೀವು ಕೇಳಲಿಲ್ಲ, ಆದರೆ ಇದನ್ನೂ ಹೇಳಿಬಿಡುತ್ತೇನೆ. ಬಾಟಲಿ ಖಾಲಿಯಾದ ತಕ್ಷಣ ಇಡೀ ವಾರ್ಡ್ "ಗಾಳಿ ಹೋಗ್ತಿದೆ, ಗಾಳಿ ಹೋಗ್ತಿದೆ" ಅಂತ ಕೂಗುತ್ತದೆ. ಕೈಗೆ ಹಾಕಿದ ಸಾದಾ ಡ್ರಿಪ್‌ನಲ್ಲಿ ಹಾಗೆ ಹೋಗುವುದಿಲ್ಲ. ನೀರನ್ನು ತಳ್ಳುವುದು ಅದರ ಎತ್ತರ. ಟ್ಯೂಬ್‌ನಲ್ಲಿ ನೀರು ಇಳಿಯುತ್ತಾ ರಕ್ತನಾಳದೊಳಗಿನ ಒತ್ತಡಕ್ಕೆ ಸಮ ಆದ ಕೂಡಲೇ ನಿಲ್ಲುತ್ತದೆ. ಕೆಲವೊಮ್ಮೆ ರಕ್ತವೇ ಮೇಲೆ ಬರುತ್ತದೆ. ಅದು ಗಟ್ಟಿಯಾದರೆ ಜೋರಾಗಿ ಫ್ಲಶ್ ಮಾಡಬೇಡಿ, ಕ್ಯಾನುಲಾ (ರಕ್ತನಾಳದೊಳಗೆ ಇಟ್ಟ ಸಣ್ಣ ಕೊಳವೆ) ಬದಲಿಸಿ. ದೊಡ್ಡವರ ಲೈನಿನಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೆ ಶ್ವಾಸಕೋಶ ಅದನ್ನು ಸಂಭಾಳಿಸುತ್ತದೆ. ಇಡೀ ಟ್ಯೂಬಿನಲ್ಲಿ ಹಿಡಿಯುವುದೇ 20 ಮಿಲಿ ಆಸುಪಾಸು. ದೊಡ್ಡವರಿಗೆ ಪ್ರಾಣಾಪಾಯ ಅಂತ ಪುಸ್ತಕಗಳು ಹೇಳುವುದು 200ರಿಂದ 300 ಮಿಲಿ ಗಾಳಿಗೆ. ಹಾಗಂತ ಪ್ರೈಮಿಂಗ್, ಅಂದರೆ ಹಾಕುವ ಮೊದಲು ಟ್ಯೂಬಿನಲ್ಲಿ ನೀರು ತುಂಬಿಸಿ ಗಾಳಿ ತೆಗೆಯುವುದನ್ನು, ಬಿಡಬೇಡಿ. ಹಸುಗೂಸುಗಳಿಗೆ, ಹೃದಯದಲ್ಲಿ ರಂಧ್ರ ಇರುವವರಿಗೆ ಸಣ್ಣ ಗುಳ್ಳೆಯೂ ಕೆಡುಕು. ಬೇಗ ಹೋಗಲಿ ಅಂತ ಬಾಟಲಿ ಮೇಲೆ ಸೂಜಿ ಚುಚ್ಚಿ ಹಿಂಡುವ ಅಭ್ಯಾಸ ಇದೆಯಲ್ಲ, ಗಾಳಿ ನಿಜವಾಗಿ ಒಳಗೆ ಹೋಗುವುದು ಹಾಗೆ. ಜೊತೆಗೆ ಆ ಸೂಜಿಯಿಂದ ಇನ್ಫೆಕ್ಷನ್.

ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ಗೆ ಮೇಲಿನ ಸಮಾಧಾನ ಅನ್ವಯಿಸುವುದಿಲ್ಲ. ಪೇಷಂಟ್ ಕುಳಿತು ಉಸಿರೆಳೆದರೆ ಅಲ್ಲಿನ ಒತ್ತಡ ಹೊರಗಿನದಕ್ಕಿಂತ ಕೆಳಗೆ ಇಳಿಯುತ್ತದೆ. ಕನೆಕ್ಷನ್ ಬಿಚ್ಚಿದ್ದರೆ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ. ಬಿಚ್ಚುವ ಮೊದಲು ಕ್ಲಾಂಪ್ ಹಾಕಿ, ತೆಗೆಯುವಾಗ ಪೇಷಂಟ್‌ನ್ನು ಅಂಗಾತ ಮಲಗಿಸಿ. ಅಂದಹಾಗೆ ಎರಡನೇ ವರ್ಷದವರು ಇದನ್ನು ಒಬ್ಬರೇ ಮಾಡಲು ಹೋಗುವುದು ಬೇಡ, ಸ್ಟಾಫ್ ಸಿಸ್ಟರ್ ಪಕ್ಕದಲ್ಲೇ ಇರಲಿ.